ನಮ್ಮ ಸೀಮೆಯ ಮಣ್ಣಿನ ಮಾಳಿಗೆ

ಮಲೆನಾಡಿನ ಮನೆಗೆ ಇಳಿಜಾರಿನ ಹೆಂಚು. ನಮ್ಮ ಬೆಳುಗುಪ್ಪ ಸೀಮೆಯ ಹಳೆಯ ಮನೆಗೆ ಸಮತಟ್ಟಾದ ಮಣ್ಣಿನ ಮಾಳಿಗೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಾತ್ರ ಮಳೆಯಾಗುವ ಅನಂತಪುರ ಜಿಲ್ಲೆಗೆ ಅದೇ ಒಪ್ಪುವಂಥದು.

ದಪ್ಪ ಗೋಡೆ, ಕಂಬಗಳ ಮೇಲೆ ತೊಲೆ. ತೊಲೆಯ ಮೇಲೆ ಜಂತೆ. ಅದರ ಮೇಲೆ ಕಡ್ಡಿ, ಸೊಪ್ಪು, ಮಣ್ಣು. ಬೆಳಕಿಗೂ ಹೊಗೆಗೂ ನಡುವೆ ಒಂದು ಗವಾಕ್ಷಿ. ಎಲ್ಲಕ್ಕೂ ಮೇಲಿನ ಹೊದಿಕೆ ಸವುಳು ಮಣ್ಣು, ತೆಲುಗಿನವರ ಚವುಡು. ಬೆಳೆಗೆ ಬಾರದ ಈ ಉಪ್ಪುಮಣ್ಣೇ ಮನೆಯನ್ನು ಕಾಯುತ್ತಿತ್ತು. ನೀರು ತಾಗಿದೊಡನೆ ಅದರ ಸೂಕ್ಷ್ಮ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ. ನೀರು ಒಳಗಿಳಿಯದೆ ದೋಣಿಯತ್ತ ಹರಿಯುತ್ತದೆ. ಉಪ್ಪಿರುವುದರಿಂದ ಹುಲ್ಲೂ ಸುಲಭವಾಗಿ ಬೇರೂರದು.

ಆದರೂ ಪ್ರತಿ ಮುಂಗಾರಿಗೆ ಮುನ್ನ ಹೊಸ ಸವುಳು ಹಾಕಲೇಬೇಕಿತ್ತು. ಬಾಲ್ಯದಲ್ಲಿ ನಾನೂ ಬುಟ್ಟಿ ಹೊತ್ತಿದ್ದೇನೆ. ಒಂದು ವರ್ಷ ಆ ಕೆಲಸ ತಪ್ಪಿ, ಮಾಳಿಗೆ ಸೋರಿ, ಬಿತ್ತನೆಯ ಶೇಂಗಾ ನೆನೆದು ಕೆಟ್ಟುದನ್ನು ಮರೆಯಲಾರೆ.

ಇಂದು ಕಾಂಕ್ರೀಟು ಬಂದಿದೆ. ಆ ಶ್ರಮ ತಪ್ಪಿದ್ದು ಒಳ್ಳೆಯದೇ. ಆದರೆ ಮಾಳಿಗೆಯೊಡನೆ ತೊಲೆ, ಜಂತೆ, ಗವಾಕ್ಷಿ ಎಂಬ ಮಾತುಗಳೂ ಕುಸಿಯಬಾರದು. ಗಡಿನಾಡಿನ ನಮ್ಮ ಶಾಲೆಯ ಮಕ್ಕಳು ಈ ಸುವರ್ಣ ವರ್ಷದಲ್ಲಿ ತಮ್ಮೂರಿನ ಒಂದೊಂದು ಹಳೆಯ ಮನೆಯ ನಕ್ಷೆ ಬರೆದು, ಅದರ ಭಾಗಗಳ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಡಲೆಂಬುದು ನನ್ನ ಆಶಯ.