ಹುಳುಮನೆಯ ಕೊನೆಯ ವಾರ, ಮಗುವಿನ ಊಟದ ಹೊತ್ತು

ವಿಶೇಷ ಅಗತ್ಯವಿರುವ ಮಕ್ಕಳ ತಂದೆತಾಯಿಗೆ ದುಡಿಮೆಯನ್ನೂ ಮನೆಯನ್ನೂ ತೂಗಿಸಿಕೊಂಡು ಹೋಗುವ ದಾರಿ ಹೇಳುವವರು ಸಾಮಾನ್ಯವಾಗಿ ಸಂಬಳದ ಮನೆಯನ್ನು ಕಣ್ಮುಂದೆ ಇಟ್ಟುಕೊಂಡಿರುತ್ತಾರೆ. ರಜೆ ಹೊಂದಿಸಿಕೊಳ್ಳಿ, ಸಾಧ್ಯವಾದರೆ ಮನೆಯಿಂದಲೇ ಕೆಲಸ ಮಾಡಿ ಎನ್ನುತ್ತಾರೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಮನೆಯಿಂದಲೇ ಕೆಲಸ ತಲೆಮಾರುಗಳಿಂದ ನಡೆದುಬಂದಿದೆ. ಮಗ್ಗ ಇರುವುದು ಮನೆಯೊಳಗೆ, ರೇಷ್ಮೆಹುಳು ಸಾಕುವುದು ಮನೆಯಲ್ಲಿ ಇಲ್ಲವೇ ಪಕ್ಕದ ಹುಳುಮನೆಯಲ್ಲಿ. ಹಾಗಿದ್ದೂ ಇಲ್ಲಿನ ತಾಯಂದಿರ ಹೊರೆ ಇಳಿದಿಲ್ಲ. ಮರಿಯಾದ ಹುಳು ಗೂಡು ಕಟ್ಟುವ ಹಂತ ಮುಟ್ಟಲು ಸುಮಾರು ಇಪ್ಪತ್ತೈದು ದಿನ ಹಿಡಿಯುತ್ತದೆ. ನಾಲ್ಕನೇ ಜ್ವರ, ಅಂದರೆ ಹುಳು ನಾಲ್ಕನೇ ಸಲ ಪೊರೆ ಕಳಚುವ ಹಂತ, ಕಳೆದ ಮೇಲಿನ ಒಂದು ವಾರದಲ್ಲಿ ಅದು ತಿನ್ನುವ ಸೊಪ್ಪು, ಅದುವರೆಗೆ ತಿಂದದ್ದೆಲ್ಲ ಸೇರಿದರೂ ಮೀರುವಷ್ಟು. ಆ ವಾರ ಹಗಲಿರುಳು ಸೊಪ್ಪು ಹಾಕಬೇಕು, ಹಣ್ಣಾದ ಹುಳುವನ್ನು ಆರಿಸಿ ಹೊತ್ತಿಗೆ ಸರಿಯಾಗಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಅದೇ ಸೂರಿನಡಿ ಮೆದುಳಿನ ಪಾರ್ಶ್ವವಾಯು ಇರುವ ಮಗುವಿದ್ದರೆ ಅದನ್ನು ನೆಟ್ಟಗೆ ಕೂರಿಸಿ, ತಲೆ ಹಿಂದಕ್ಕೆ ವಾಲದಂತೆ ಹಿಡಿದು, ಒಂದು ತುತ್ತು ನುಂಗಿದ್ದು ಖಾತ್ರಿಯಾದ ಮೇಲೆಯೇ ಇನ್ನೊಂದು ತುತ್ತು ಕೊಡಬೇಕು. ಅವಸರ ಮಾಡಿದರೆ ಅನ್ನ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಹುಳುವೂ ಕಾಯುವುದಿಲ್ಲ, ಮಗುವೂ ಕಾಯಲಾರದು. ಒಬ್ಬಳೇ ಹೆಂಗಸಿನ ಜಾಣ್ಮೆಯಿಂದ ಇದನ್ನು ಸರಿದೂಗಿಸಬಹುದೆಂದು ನಂಬುವುದು ಅವಳಿಗೆ ಮಾಡುವ ಅನ್ಯಾಯ. ಇಲ್ಲಿ ಕೊರತೆಯಿರುವುದು ನೆರವು ಸಿಗುವ ಜಾಗದಲ್ಲಿ, ಸಿಗುವ ಹೊತ್ತಿನಲ್ಲಿ. ತಿದ್ದಬೇಕಾದದ್ದೂ ಅದನ್ನೇ.

ದೂರದ ಲೆಕ್ಕ ನೋಡಿ. ಮಾತು, ಶ್ರವಣದ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನರಸಂಬಂಧಿ ತೊಂದರೆ ಹೆಚ್ಚಾದರೆ ಬೆಂಗಳೂರಿನ ನಿಮ್ಹಾನ್ಸ್. ಕೊಳ್ಳೇಗಾಲದಿಂದ ಮೈಸೂರಿಗೆ ಅರವತ್ತು ಕಿಲೋಮೀಟರ್ ಆಸುಪಾಸು. ಹನೂರಿನವರಿಗೆ ಇನ್ನೊಂದು ಇಪ್ಪತ್ತೈದು ಸೇರುತ್ತದೆ. ಮಹದೇಶ್ವರ ಬೆಟ್ಟದ ಸುತ್ತಿನ ಕಾಡಂಚಿನ ಊರುಗಳವರಿಗೆ ಕೊಳ್ಳೇಗಾಲ ಮುಟ್ಟುವುದೇ ದೊಡ್ಡ ಪ್ರಯಾಣ. 2023ರ ಜೂನ್‌ನಿಂದ ಶಕ್ತಿ ಯೋಜನೆ ಹೆಂಗಸರ ಬಸ್ ಚಾರ್ಜನ್ನು ಇಲ್ಲವಾಗಿಸಿತು, ಅದು ಸಣ್ಣ ಉಪಕಾರವಲ್ಲ. ಆದರೆ ಹೋದ ದಿನದ ಕೂಲಿ ಹೋಗಿಯೇ ಹೋಯಿತು. ಮಾತಿನ ತರಬೇತಿ, ಅಂಗಸಾಧನೆಗಳಂಥವು ತಿಂಗಳುಗಟ್ಟಲೆ ಬಿಡದೆ ನಡೆದರಷ್ಟೇ ಫಲ ಕೊಡುತ್ತವೆ. ವಾರಕ್ಕೊಂದು ಕೂಲಿ ಕಳೆದುಕೊಳ್ಳಬೇಕಾದ ಮನೆ ನಾಲ್ಕನೇ ವಾರಕ್ಕೆ ನಿಲ್ಲಿಸಿದರೆ ಅದನ್ನು ತಾಯಿಯ ಅಸಡ್ಡೆ ಎನ್ನಬಾರದು.

ಹತ್ತಿರ ತಂದರೆ ಏನಾಗುತ್ತದೆ ಎಂಬುದಕ್ಕೆ ಯಳಂದೂರೇ ಸಾಕ್ಷಿ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1986ರಲ್ಲಿ ಕುಷ್ಠರೋಗದ ಕೆಲಸಕ್ಕೆಂದು ಕರುಣಾ ಟ್ರಸ್ಟ್ ಹುಟ್ಟಿತು. ಮೂರ್ಛೆರೋಗವೂ ತಾಲ್ಲೂಕಿನಲ್ಲಿ ಹರಡಿರುವುದು ಕಂಡು, ನರರೋಗ ತಜ್ಞ ಕೆ.ಎಸ್. ಮಣಿ ಮತ್ತು ಜತೆಗಾರರು ಫಿನೋಬಾರ್ಬಿಟೋನ್, ಫೆನಿಟಾಯಿನ್‌ಗಳಂಥ ಅಗ್ಗದ ಮಾತ್ರೆಗಳನ್ನೇ ಊರಿನ ಹತ್ತಿರ ಕೊಟ್ಟು ವರ್ಷಗಟ್ಟಲೆ ಜನರನ್ನು ಗಮನಿಸಿದರು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಆ ಅಧ್ಯಯನ, ತಪ್ಪದೆ ಮಾತ್ರೆ ತೆಗೆದುಕೊಂಡವರಲ್ಲಿ ಮೂರ್ಛೆ ಹತೋಟಿಗೆ ಬರುವ ಸಂಭವ ಹೆಚ್ಚೆಂದು ತೋರಿಸಿತು. ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯತೆ ಇರುವ ಹಲವು ಮಕ್ಕಳಿಗೆ ಮೂರ್ಛೆಯೂ ಜತೆಯಾಗಿರುವುದರಿಂದ ಈ ಮಾತು ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ಮಾತ್ರೆ ತಪ್ಪದಿರಬೇಕಾದರೆ ಅದನ್ನು ತರಲು ಕೂಲಿ ತಪ್ಪಬಾರದು. ಅದೇ ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ 1996ರಲ್ಲಿ ಕರುಣಾ ಟ್ರಸ್ಟಿಗೆ ನಡೆಸಲು ಕೊಟ್ಟಿತು. ಮುಂದೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ತನ್ನ ಹೊರಸೇವಾ ಕೇಂದ್ರವೊಂದನ್ನು ಅಲ್ಲಿ ತೆರೆಯಿತು. ಅಂದರೆ ದೊಡ್ಡ ಸಂಸ್ಥೆಯ ಪರಿಣತಿ ಹಳ್ಳಿಗೆ ಇಳಿದು ಬರಬಲ್ಲದು. ಆ ಮೇಲ್ಪಂಕ್ತಿ ಹನೂರಿನ ಹೋಬಳಿಗಳಿಗೂ ಹಬ್ಬಬೇಕಿತ್ತು ಎಂಬುದೇ ನನ್ನ ತಕರಾರು.

ಹಣ ಕೊಟ್ಟರೆ ಸಾಕಲ್ಲವೇ, ಅವರವರ ದಾರಿ ಅವರವರು ನೋಡಿಕೊಳ್ಳುತ್ತಾರೆ ಎನ್ನುವವರಿದ್ದಾರೆ. ಹಣ ಬೇಕೇ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಆರೈಕೆದಾರರ ಭತ್ಯೆಯ ಮಾತಾಡುತ್ತದೆ. 2024ರ ರಾಜ್ಯ ಬಜೆಟ್ ಮೆದುಳಿನ ಪಾರ್ಶ್ವವಾಯು, ಸ್ನಾಯುಕ್ಷಯದಂಥ ಕೆಲವು ಸ್ಥಿತಿಗಳಲ್ಲಿರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಆರೈಕೆಗೂ ಬೆಲೆಯಿದೆ ಎಂದು ಸರ್ಕಾರ ಒಪ್ಪಿದ್ದು ದೊಡ್ಡದು. ಆದರೆ ಆ ಮೊತ್ತ ಕೆಲವೇ ದಿನದ ಕೂಲಿ, ಮತ್ತು ಹಣ ಕೊಟ್ಟರೂ ಕೊಳ್ಳಲು ಊರಲ್ಲಿ ಸೇವೆ ಇರಬೇಕಷ್ಟೆ. ರಜೆಯ ಕಥೆಯೂ ಇದೇ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅಂಗವಿಕಲ ಮಗುವಿನ ತಾಯಿಗೆ ಶಿಶುಪಾಲನಾ ರಜೆ ನಿರಾಕರಿಸುವುದು ಹೆಂಗಸರು ದುಡಿಮೆಯಲ್ಲಿ ಸಮಾನವಾಗಿ ಪಾಲ್ಗೊಳ್ಳುವಂತೆ ನೋಡಿಕೊಳ್ಳಬೇಕಾದ ಸಂವಿಧಾನದ ಹೊಣೆಗೇ ವಿರುದ್ಧವೆಂದಿತು. ಆ ಪ್ರಕರಣದ ತಾಯಿ ಸರ್ಕಾರಿ ಕಾಲೇಜಿನ ಅಧ್ಯಾಪಕಿ. ಕಬ್ಬು ಕಡಿಯುವವಳಿಗೆ, ಮಗ್ಗದವಳಿಗೆ ರಜೆ ಕೊಡುವವರು ಯಾರು?

ಇನ್ನೊಂದು ಆಕ್ಷೇಪ ಮನಸ್ಸಿಗೆ ಹೆಚ್ಚು ತಾಗುವಂಥದ್ದು: ಹೆತ್ತವಳಿಗಿಂತ ಚೆನ್ನಾಗಿ ಇಂಥ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಅವಳಷ್ಟು ಬಲ್ಲವರಿಲ್ಲ, ನಿಜ. ಆದರೆ ಅವಳೊಬ್ಬಳೇ ಬಲ್ಲಳು ಎಂಬುದೇ ಮಗುವಿಗೆ ಅಪಾಯ. ಅವಳು ಜ್ವರ ಬಂದು ಮಲಗಿದ ದಿನ ತುತ್ತಿಡುವ ಬಗೆ ಅಪ್ಪನಿಗೂ ಗೊತ್ತಿರಬೇಕು, ಅತ್ತೆಗೂ ಗೊತ್ತಿರಬೇಕು. ಅಪ್ಪ ಕೊಡಗಿನ ತೋಟಕ್ಕೋ ತಮಿಳುನಾಡಿಗೋ ದುಡಿಯಲು ಹೋಗಿದ್ದರೆ ಊರಲ್ಲಿ ಮತ್ತೊಬ್ಬರಿಗೆ ಗೊತ್ತಿರಬೇಕು. ಹಿಂದೆ ಕೂಡುಕುಟುಂಬ ಇದನ್ನೆಲ್ಲ ಮಾಡುತ್ತಿತ್ತು ಎಂಬ ಹಂಬಲದಲ್ಲಿ ಸ್ವಲ್ಪ ಸತ್ಯವಿದ್ದರೂ, ಆ ಮನೆಗಳಲ್ಲಿಯೂ ಆ ಕೆಲಸ ಬೀಳುತ್ತಿದ್ದುದು ಬಹುಪಾಲು ಹೆಂಗಸರ ಮೇಲೆಯೇ.

ಒಂದೂರಿನಲ್ಲಿ ಇಬ್ಬರೋ ಮೂವರೋ ಇರುವ ಮಕ್ಕಳಿಗಾಗಿ ಕೇಂದ್ರ ತೆರೆಯಲಾದೀತೇ ಎಂಬ ಖರ್ಚಿನ ಪ್ರಶ್ನೆಗೆ ಉತ್ತರ ಈಗಿರುವ ವ್ಯವಸ್ಥೆಯಲ್ಲೇ ಅರ್ಧ ಸಿಗುತ್ತದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಕೂಲಿಕಾರರ ಪುಟ್ಟ ಮಕ್ಕಳಿಗೆಂದು ಕೂಸಿನ ಮನೆಗಳು ಶುರುವಾಗಿವೆ, ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಶಿಕ್ಷಕರು ಹೋಗುವ ಗೃಹಾಧಾರಿತ ಶಿಕ್ಷಣವಿದೆ. ಇವು ಒಂದಕ್ಕೊಂದು ಬೆಸೆದಿಲ್ಲ, ಹೊತ್ತೂ ಕೂಡಿಬಂದಿಲ್ಲ. ಬೇಕಿರುವುದು ಇಷ್ಟು: ಹೋಬಳಿಗೊಂದು ಕಡೆ, ವಾರದಲ್ಲಿ ಕೆಲವು ದಿನ, ಬೆಳಗಿನಿಂದ ಮಧ್ಯಾಹ್ನದವರೆಗೆ ಮಗುವನ್ನು ನಂಬಿ ಬಿಡಬಹುದಾದ ಜಾಗ, ಅಲ್ಲಿಯೇ ಅಂಗಸಾಧನೆ, ಮಾತಿನ ಅಭ್ಯಾಸ, ಮೂರ್ಛೆಯ ಮಾತ್ರೆ; ಹುಳು ಹಣ್ಣಾಗುವ ವಾರ ಆ ದಿನಗಳನ್ನು ಹೆಚ್ಚಿಸುವ ಏರ್ಪಾಡು. ರೇಷ್ಮೆ ಇಲಾಖೆಯವರಿಗೆ ಯಾವ ಊರಲ್ಲಿ ಎಳೆಹುಳುವಿನ ಚಾಕಿ ಯಾವಾಗ ಕಟ್ಟಿದ್ದಾರೆ ಎಂಬುದು ತಿಳಿಯದ ಸಂಗತಿಯೇನಲ್ಲ. ಆ ತಾರೀಕುಗಳನ್ನು ಪುನರ್ವಸತಿ ಕಾರ್ಯಕರ್ತರ ಕೈಗೆ ಕೊಡಲು ಹೊಸ ಕಾಯ್ದೆ ಬೇಕಿಲ್ಲ.