ದಾಸವಾಳ ಮತ್ತು ಕಣಗಿಲೆ: ಯಾವ ಸ್ಥಳಕ್ಕೆ ಯಾವ ಗಿಡ?

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಅವಗಾಹನೆಗೆ.

ಜೂನ್ 5ರ ವಿಶ್ವ ಪರಿಸರ ದಿನ ಮತ್ತು ಜುಲೈ ಮೊದಲ ವಾರದ ವನಮಹೋತ್ಸವದ ಸಂದರ್ಭದಲ್ಲಿ ಶಾಲೆ, ಅಂಗನವಾಡಿ, ಪಂಚಾಯಿತಿ ಕಚೇರಿ, ದೇವಸ್ಥಾನದ ಅಂಗಳ ಹಾಗೂ ರಸ್ತೆ ಬದಿಗಳಲ್ಲಿ ಹೂಗಿಡಗಳನ್ನು ನೆಡುವುದು ವಾಡಿಕೆ. ಹೀಗೆ ನೆಡಲಾಗುವ ಬಹುವಾರ್ಷಿಕ ಅಲಂಕಾರಿಕ ಗಿಡಗಳಲ್ಲಿ ದಾಸವಾಳ ಮತ್ತು ಕಣಗಿಲೆ ಮುಖ್ಯವಾದವು. ಎರಡೂ ಕಡ್ಡಿಯಿಂದ ಸುಲಭವಾಗಿ ಬೆಳೆಯುತ್ತವೆ, ವರ್ಷದ ಬಹುಭಾಗ ಹೂ ಬಿಡುತ್ತವೆ, ಪೂಜೆಗೂ ಸಲ್ಲುತ್ತವೆ. ಆದ್ದರಿಂದ ಯಾವ ಸಸಿ ದೊರೆತರೆ ಅದನ್ನೇ ನೆಡುವುದುಂಟು. ಆದರೆ ಈ ಎರಡು ಗಿಡಗಳ ಗುಣ ಒಂದಕ್ಕೊಂದು ವಿರುದ್ಧವಾದುದು. ದಾಸವಾಳವನ್ನು ನಾವು ಕಾಯಬೇಕು. ಕಣಗಿಲೆಯಿಂದ ಮಕ್ಕಳನ್ನೂ ಜಾನುವಾರುಗಳನ್ನೂ ಕಾಯಬೇಕು.

ಹೊಸಪೇಟೆ ತಾಲ್ಲೂಕಿನ ಬುಕ್ಕಸಾಗರದ ಸೀಮೆಯಲ್ಲಿ ಈ ಆಯ್ಕೆಯ ಎರಡೂ ಮುಖಗಳನ್ನು ಕಾಣಬಹುದು. ತುಂಗಭದ್ರಾ ನದಿಯ ದಂಡೆಯ ಈ ಭಾಗದಲ್ಲಿ ಒಂದೆಡೆ ಕಾಲುವೆ ನೀರನ್ನು ಆಶ್ರಯಿಸಿದ ಬಾಳೆ, ಕಬ್ಬು ಮತ್ತು ಭತ್ತದ ಹೊಲಗದ್ದೆಗಳಿವೆ. ಇನ್ನೊಂದೆಡೆ ಹೆಬ್ಬಂಡೆಗಳ ಒಣ ಗುಡ್ಡಗಳಿವೆ. ನೀರಿನ ಆಸರೆಯಿರುವ ಅಂಗಳಕ್ಕೆ ಒಪ್ಪುವ ಗಿಡ ಬಂಡೆಯ ಮಗ್ಗುಲಿಗೆ ಒಪ್ಪದು. ಕಂಪ್ಲಿಯ ನೀರಾವರಿ ಪ್ರದೇಶಕ್ಕೂ ಸಂಡೂರಿನ ಕೆಂಪು ಧೂಳಿನ ರಸ್ತೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ದಾಸವಾಳದ ಸ್ವಭಾವ ಮತ್ತು ಆರೈಕೆ

ದಾಸವಾಳವು ಬೆಂಡೆ ಮತ್ತು ಹತ್ತಿಯ ಕುಟುಂಬಕ್ಕೆ ಸೇರಿದ ಪೊದೆಗಿಡ. ಸಾಮಾನ್ಯವಾಗಿ ಎರಡರಿಂದ ಮೂರು ಮೀಟರ್ ಎತ್ತರ ಬೆಳೆಯುತ್ತದೆ. ಬಹುತೇಕ ತಳಿಗಳ ಒಂದೊಂದು ಹೂವಿನ ಆಯುಷ್ಯ ಒಂದೇ ದಿನವಾದರೂ ಮರುದಿನ ಬೇರೆ ಮೊಗ್ಗುಗಳು ಅರಳುತ್ತವೆ. ಇದರಲ್ಲಿ ವಿಷವಿಲ್ಲದಿರುವುದು ಮಕ್ಕಳಿರುವ ಸ್ಥಳಗಳಿಗೆ ಇದರ ದೊಡ್ಡ ಅರ್ಹತೆ.

ಮಳೆಗಾಲದ ಆರಂಭದಲ್ಲಿ ಪೆನ್ಸಿಲ್ ಗಾತ್ರದ, 15ರಿಂದ 20 ಸೆಂ.ಮೀ. ಉದ್ದದ ಕಡ್ಡಿಗಳನ್ನು ಚೀಲದಲ್ಲಿ ನೆಟ್ಟು ಬೇರು ಬರಿಸಿ, ಬಳಿಕ ಗೊಬ್ಬರ ತುಂಬಿದ ಗುಂಡಿಗೆ ಸ್ಥಳಾಂತರಿಸಬೇಕು. ದಿನಕ್ಕೆ ಐದಾರು ಗಂಟೆಗಳ ಬಿಸಿಲು ದೊರೆಯಬೇಕು. ಬುಡದಲ್ಲಿ ನೀರು ನಿಲ್ಲಬಾರದು. ಮೊದಲ ವರ್ಷದ ಬೇಸಿಗೆಯಲ್ಲಿ ಎರಡು ಮೂರು ದಿನಗಳಿಗೊಮ್ಮೆ ನೀರುಣಿಸುವುದು ಅನಿವಾರ್ಯ. ಬುಡಕ್ಕೆ ಒಣ ಬಾಳೆ ಎಲೆ ಅಥವಾ ಕಬ್ಬಿನ ರವದಿಯನ್ನು ಹೊದಿಸಿದರೆ ತೇವ ಹೆಚ್ಚು ಕಾಲ ಉಳಿಯುತ್ತದೆ. ಹೊಸ ಚಿಗುರಿನಲ್ಲಿಯೇ ಹೂ ಬಿಡುವುದರಿಂದ ವರ್ಷಕ್ಕೊಮ್ಮೆ ಹಗುರವಾಗಿ ಸವರುವುದು ಒಳಿತು.

ಇದಕ್ಕೆ ಇಬ್ಬರು ಶತ್ರುಗಳು. ಮೊದಲನೆಯದು ಮೇಕೆ. ದಾಸವಾಳದ ಎಲೆ ಅದಕ್ಕೆ ಪ್ರಿಯವಾದ ಮೇವಾದ್ದರಿಂದ ಬೇಲಿಯಿಲ್ಲದ ಸಸಿ ಉಳಿಯುವುದಿಲ್ಲ. ಎರಡನೆಯದು ಹಿಟ್ಟು ತಿಗಣೆ. ಚಿಗುರಿನಲ್ಲಿ ಬಿಳಿ ಹತ್ತಿಯಂತೆ ಕಾಣಿಸಿಕೊಳ್ಳುವ ಈ ಕೀಟ ಹತ್ತಿ, ಬೆಂಡೆ ಬೆಳೆಗಳಿಗೂ ಹರಡಬಲ್ಲದು. ಕಂಡ ಕೂಡಲೇ ಆ ಚಿಗುರನ್ನು ಕತ್ತರಿಸಿ ನಾಶಪಡಿಸಬೇಕು. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಸ್ವಲ್ಪ ಸಾಬೂನು ಬೆರೆಸಿ ಸಂಜೆಯ ವೇಳೆ ಸಿಂಪಡಿಸಬಹುದು.

ಕಣಗಿಲೆಯ ಸ್ವಭಾವ ಮತ್ತು ಆರೈಕೆ

ಕಣಗಿಲೆ ಬಿಸಿಲು, ಬರ, ಧೂಳು ಮತ್ತು ಬಡ ಮಣ್ಣನ್ನು ತಾಳಿಕೊಳ್ಳುವ ಗಿಡ. ಉದ್ದನೆಯ, ಕಿರಿದಾದ, ದಪ್ಪ ಎಲೆಗಳು ಸಾಮಾನ್ಯವಾಗಿ ಒಂದೊಂದು ಗೆಣ್ಣಿನಲ್ಲಿ ಮೂರು ಮೂರಾಗಿ ಇರುತ್ತವೆ. ಬಿಳಿ, ಗುಲಾಬಿ ಮತ್ತು ಕೆಂಪು ಬಣ್ಣದ ಹೂಗಳು ಗೊಂಚಲಾಗಿ ಬಿಡುತ್ತವೆ. ಬೇರೂರಿದ ಮೇಲೆ ಅಪರೂಪಕ್ಕೆ ನೀರು ಕೊಟ್ಟರೂ ಸಾಕು. ಕಹಿಯಾದ ಹಸಿ ಎಲೆಗಳನ್ನು ದನ, ಮೇಕೆಗಳು ಸಾಮಾನ್ಯವಾಗಿ ಮೂಸಿ ಬಿಟ್ಟುಬಿಡುತ್ತವೆ. ಹೆದ್ದಾರಿಗಳ ನಡುವಿನ ವಿಭಜಕಗಳಲ್ಲಿ ಇದನ್ನು ಹೇರಳವಾಗಿ ನೆಡಲು ಈ ಗುಣಗಳೇ ಕಾರಣ.

ಆದರೆ ಮೇಕೆ ಮುಟ್ಟದ ಗಿಡವೆಂದು ನಾವು ಮೆಚ್ಚುವ ಈ ಗುಣದ ಹಿಂದೆ ಇರುವುದು ವಿಷ. ಎಲೆ, ಹೂ, ಕಾಂಡ, ಬೇರು, ಬೀಜ ಎಲ್ಲದರಲ್ಲಿಯೂ ಹೃದಯದ ಬಡಿತವನ್ನು ಏರುಪೇರು ಮಾಡುವ ಒಲಿಯಾಂಡ್ರಿನ್ ಮುಂತಾದ ವಿಷಾಂಶಗಳಿವೆ. ಒಣಗಿದರೂ ಈ ವಿಷ ಹೋಗುವುದಿಲ್ಲ. ಹಸಿ ಗಿಡವನ್ನು ಮುಟ್ಟದ ಎಮ್ಮೆಯೋ ಎತ್ತೋ, ಹುಲ್ಲಿನ ಹೊರೆಯಲ್ಲಿ ಅಥವಾ ಕಬ್ಬಿನ ಸೋಗೆಯಲ್ಲಿ ಬೆರೆತ ಒಣ ಎಲೆಯನ್ನು ಅರಿಯದೆ ತಿಂದುಬಿಡಬಹುದು. ಅಂತಹ ಕೆಲವೇ ಎಲೆಗಳು ಜೀವಕ್ಕೆ ಎರವಾಗಬಲ್ಲವು. ಸವರಿದ ಕೊಂಬೆಗಳನ್ನು ಸುಟ್ಟಾಗ ಏಳುವ ಹೊಗೆಯೂ ಹಾನಿಕರ.

ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿಯು 2024ರ ಮೇ ತಿಂಗಳಲ್ಲಿ ತನ್ನ ದೇವಾಲಯಗಳ ನೈವೇದ್ಯ ಮತ್ತು ಪ್ರಸಾದದಲ್ಲಿ ಕಣಗಿಲೆ ಹೂವನ್ನು ಬಳಸದಿರಲು ತೀರ್ಮಾನಿಸಿತು. ಅಲ್ಲಿ ಈ ಹೂವಿಗೆ ‘ಅರಳಿ’ ಎಂಬ ಹೆಸರಿದೆ. ಸುದ್ದಿಯನ್ನು ಓದಿದವರು ನಮ್ಮ ಅರಳಿಮರವೆಂದು ತಪ್ಪು ತಿಳಿಯಬಾರದು. ನಮ್ಮಲ್ಲಿ ಬೆಳೆಯುವ ಹಳದಿ ಕಣಗಿಲೆಯೂ ಇದೇ ಬಗೆಯ ವಿಷವುಳ್ಳದ್ದು. ಅದರ ಗಟ್ಟಿ ಕಾಯಿಗಳು ಮಕ್ಕಳ ಆಟದ ವಸ್ತುವಾಗದಂತೆ ವಿಶೇಷ ಎಚ್ಚರ ವಹಿಸಬೇಕು.

ಸ್ಥಳದ ಆಯ್ಕೆ

ಅಂಗನವಾಡಿ, ಶಾಲೆ, ಆಟದ ಮೈದಾನ, ಆರೋಗ್ಯ ಉಪಕೇಂದ್ರ ಮತ್ತು ಗ್ರಂಥಾಲಯಗಳ ಆವರಣಕ್ಕೆ ದಾಸವಾಳವೇ ತಕ್ಕುದು. ಇಲ್ಲಿ ಸಾಮಾನ್ಯವಾಗಿ ನೀರಿನ ನಲ್ಲಿಯೂ ಆವರಣ ಗೋಡೆಯೂ ಇರುವುದರಿಂದ ಆರೈಕೆ ಕಷ್ಟವಲ್ಲ. ಕೈ ತೊಳೆಯುವ ಸ್ಥಳದ ನೀರನ್ನು ಗಿಡದ ಬುಡಕ್ಕೆ ಹರಿಸಿದರೆ ಪ್ರತ್ಯೇಕ ವೆಚ್ಚವೂ ಬೇಕಿಲ್ಲ.

ಗೋಕಟ್ಟೆ, ಜಾನುವಾರುಗಳ ನೀರಿನ ತೊಟ್ಟಿ, ಮೇವಿನ ಬಣವೆ, ಸಂತೆ ಮೈದಾನ ಮತ್ತು ಪಶು ಚಿಕಿತ್ಸಾಲಯಗಳ ಸಮೀಪ ಕಣಗಿಲೆಯನ್ನು ನೆಡಲೇಬಾರದು. ಜನರೂ ಜಾನುವಾರುಗಳೂ ತಂಗದ, ನೀರುಣಿಸಲು ಸಾಧ್ಯವಾಗದ ರಸ್ತೆ ವಿಭಜಕಗಳಿಗೆ ಮಾತ್ರ ಅದು ಸೀಮಿತವಾಗಿರಲಿ. ಹಂಪಿಯ ಸುತ್ತಲಿನ ಗ್ರಾಮಗಳಲ್ಲಿ ಸ್ಮಾರಕಗಳ ಬಳಿ ಯಾವುದೇ ಗುಂಡಿ ತೋಡುವ ಮುನ್ನ ಸಂಬಂಧಪಟ್ಟ ಇಲಾಖೆಗಳೊಡನೆ ಸಮಾಲೋಚಿಸುವುದು ಅಗತ್ಯ.

ಈಗಾಗಲೇ ಬೆಳೆದಿರುವ ಕಣಗಿಲೆ

ಶಾಲೆ, ಅಂಗನವಾಡಿಗಳಲ್ಲಿ ಬೆಳೆದಿರುವ ಕಣಗಿಲೆಯನ್ನು ರಜಾ ದಿನಗಳಲ್ಲಿ ಬೇರುಸಹಿತ ತೆಗೆಸಿ ದಾಸವಾಳವನ್ನು ನೆಡುವುದು ಸೂಕ್ತ. ಕೆಲಸ ಮಾಡುವವರಿಗೆ ಕೈಗವಸು ಒದಗಿಸಬೇಕು. ಮುಗಿದ ಬಳಿಕ ಕೈ ಮತ್ತು ಉಪಕರಣಗಳನ್ನು ಸಾಬೂನಿನಿಂದ ತೊಳೆಯಬೇಕು. ಕೊಂಬೆ, ಎಲೆಗಳನ್ನು ಸುಡದೆ, ತಿಪ್ಪೆಗೆ ಎಸೆಯದೆ, ಕಾಲುವೆಗೆ ಬಿಡದೆ ಪ್ರತ್ಯೇಕ ಗುಂಡಿಯಲ್ಲಿ ಹೂಳಬೇಕು.

ದೇವಸ್ಥಾನದ ಅಂಗಳದ ವಿಚಾರ ಬೇರೆ. ಶಿವಪೂಜೆಗೆ ಕಣಗಿಲೆಯನ್ನು ಏರಿಸುವುದು ನಮ್ಮಲ್ಲಿ ರೂಢಿಯಲ್ಲಿರುವ ಸಂಪ್ರದಾಯ. ಅಲ್ಲಿ ಗಿಡವನ್ನು ತೆಗೆಸುವ ಬದಲು ಬೇಲಿ ಹಾಕಿ, ಈ ಹೂವು ನೈವೇದ್ಯ, ತೀರ್ಥ ಮತ್ತು ಪ್ರಸಾದಕ್ಕೆ ತಾಗದಂತೆ ಅರ್ಚಕರೊಡನೆ ಗೌರವಪೂರ್ವಕವಾಗಿ ಚರ್ಚಿಸಿದರೆ ಸಾಕು. ನಿರ್ಮಾಲ್ಯವನ್ನು ದನಗಳಿಗೆ ಹಾಕುವ ಅಭ್ಯಾಸವಿದ್ದಲ್ಲಿ ಅದನ್ನು ನಿಲ್ಲಿಸಬೇಕು.

ಯಾರಾದರೂ ಕಣಗಿಲೆಯನ್ನು ತಿಂದಿರುವ ಸಂಶಯ ಬಂದರೆ ವಾಂತಿ, ಹೊಟ್ಟೆನೋವು ಕಾಣಿಸಿಕೊಳ್ಳುವವರೆಗೆ ಕಾಯಬಾರದು. ಬಲವಂತವಾಗಿ ವಾಂತಿ ಮಾಡಿಸುವುದು, ಮನೆಮದ್ದು ಕುಡಿಸುವುದು ಸಲ್ಲದು. ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು. ಗಿಡದ ಒಂದು ರೆಂಬೆಯನ್ನು ವೈದ್ಯರಿಗೆ ತೋರಿಸಲು ಜೊತೆಗೆ ಒಯ್ಯಬೇಕು. ಜಾನುವಾರುಗಳಿಗಾಗಿ 1962 ಸಹಾಯವಾಣಿಗೆ ಕರೆ ಮಾಡಬಹುದು.

ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಶಾಲೆ, ಅಂಗನವಾಡಿ ಮತ್ತು ಗೋಕಟ್ಟೆಗಳನ್ನು ಒಮ್ಮೆ ಸುತ್ತಿ, ಎಲ್ಲೆಲ್ಲಿ ಕಣಗಿಲೆಯಿದೆ ಎಂಬುದನ್ನು ಗುರುತಿಸಿ ಸಭೆಯ ಮುಂದಿಡಬೇಕಾಗಿ ಕೋರಿದೆ. ಇದಕ್ಕೆ ಅನುದಾನದ ಅಗತ್ಯವಿಲ್ಲ. ಅರ್ಧ ದಿನದ ನಡಿಗೆ ಸಾಕು. ಈ ಮಳೆಗಾಲದಲ್ಲಿ ನೆಟ್ಟ ಗಿಡದ ಬಳಿಯೇ ಮುಂದಿನ ಹತ್ತಾರು ವರ್ಷ ನಮ್ಮ ಮಕ್ಕಳು ಆಡುತ್ತಾರೆ ಎಂಬುದನ್ನು ನೆನೆದು ಸಸಿಗಳ ಪಟ್ಟಿಯನ್ನು ಸಿದ್ಧಪಡಿಸೋಣ.