ಬೇವಿನೆಲೆಗೆ ಬೆಂಕಿ ಹಚ್ಚಬ್ಯಾಡ್ರಿ!

ಶಿವರಾತ್ರಿ ಮುಗಿದು ಯುಗಾದಿ ಬರುವಷ್ಟರಲ್ಲಿ ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಬೇವಿನ ಮರಗಳು ಎಲೆ ಉದುರಿಸುತ್ತವೆ. ಬೆಳಿಗ್ಗೆ ಅಂಗಡಿ ತೆಗೆದವರು, ಅಂಗಳ ಗುಡಿಸಿದವರು ಕಡ್ಡಿ ಗೀರಿ ‘ಹೋತು ಪೀಡಾ’ ಅಂತಾರೆ. ಎಲ್ಲಿ ಹೋತು? ಹುನಗುಂದ ಬಸ್ಸಿಗೆ ಕಾದು ನಿಂತ ಕೂಸಿನ ಎದೆಗೆ ಹೋತು! ಗಾಳಿ ಬೀಸಿದರೆ ಕಿಡಿ ನೇಕಾರರ ನೂಲಿಗೂ, ಹಿತ್ತಲ ಬಣವಿಗೂ ಹಾರೀತು. ಬೀದಿಯಲ್ಲಿ ಕಸ ಸುಡಕೂಡದೆಂದು 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು.

ಮಾಡಬೇಕಾದ್ದು ಇಷ್ಟೇ. ನೀರು ಚಿಮುಕಿಸಿ ಗುಡಿಸಿರಿ, ಧೂಳು ಏಳದು. ರಾಶಿಗೆ ಬರಿಗೈ ಹಾಕಬೇಡಿರಿ, ಚೇಳು ಅಡಗಿದ್ದೀತು. ಹಿತ್ತಲ ಗುಂಡಿಯಲ್ಲಿ ಎಲೆ, ಸಗಣಿ ನೀರು, ಮಣ್ಣು ಹಾಕಿ ಹಸಿ ಆರದಂತೆ ನೋಡಿಕೊಂಡರೆ ಮಳೆಗಾಲಕ್ಕೆ ಗೊಬ್ಬರ. ಜಾಗ ಇಲ್ಲದವರು ಪ್ಲಾಸ್ಟಿಕ್ ಬೆರೆಸದೆ ಕಸದ ಗಾಡಿಗೆ ಕೊಡಲಿ.

ಹುಳ ಬೀಳದಂತೆ ಜೋಳದ ಚೀಲಕ್ಕೆ ಒಣ ಬೇವಿನೆಲೆ ಹಾಕುತ್ತಿದ್ದ ಅಜ್ಜಿಗೆ ಅದು ಕಸ ಆಗಿರಲಿಲ್ಲ. ನಮಗ್ಯಾಕ ಆತ್ರೀ?